ಗಂಟಲು ನೋವಿನಿಂದ ಮಣಿಪಾಲದವರೆಗೆ

ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಶಿರೂರು ಎಂಬ ಹೆಸರಿನ ಊರು ಎರಡಿವೆ. ಭಟ್ಕಳ ದಾಟಿ ಉಡುಪಿ ಜಿಲ್ಲೆಗೆ ಕಾಲಿಟ್ಟ ಕೂಡಲೇ ಸಿಗುವುದು ಒಂದು. ಇನ್ನೊಂದು ಕುಮಟಾದಿಂದ ಉತ್ತರಕ್ಕೆ, ಅಂಕೋಲಾ ತಾಲ್ಲೂಕಿನ ಗಂಗಾವಳಿ ದಂಡೆಯಲ್ಲಿದೆ. 2022ರ ಜುಲೈ 20ರಂದು ಮೊದಲನೆಯ ಶಿರೂರಿನ ಟೋಲ್‌ಗೇಟಿನಲ್ಲಿ, ಹೊನ್ನಾವರದಿಂದ ಕುಂದಾಪುರದತ್ತ ರೋಗಿಯನ್ನು ಹೊತ್ತು ಓಡುತ್ತಿದ್ದ ಆಂಬುಲೆನ್ಸ್ ಮಳೆ ಬಿದ್ದ ರಸ್ತೆಯಲ್ಲಿ ಜಾರಿ ಅಪ್ಪಳಿಸಿತು. ನಾಲ್ವರು ಸತ್ತರು. ಎರಡು ವರ್ಷದ ಬಳಿಕ, 2024ರ ಜುಲೈ 16ರಂದು, ಎರಡನೆಯ ಶಿರೂರಿನಲ್ಲಿ ಗುಡ್ಡವೇ ಹೆದ್ದಾರಿಯ ಮೇಲೆ ಇಳಿದು ಬಂದು ಕಾರವಾರದ ದಾರಿ ಮುಚ್ಚಿಹೋಯಿತು. ದೊಡ್ಡ ಆಸ್ಪತ್ರೆ ಬೇಕೆಂದರೆ ದಕ್ಷಿಣಕ್ಕೆ ಮಣಿಪಾಲ, ಮಂಗಳೂರು. ಉತ್ತರಕ್ಕೆ ಕಾರವಾರ, ಗೋವಾ. ಘಟ್ಟ ಹತ್ತಿದರೆ ಹುಬ್ಬಳ್ಳಿ. ಭಟ್ಕಳ, ಹೊನ್ನಾವರ, ಕುಮಟಾದವರಿಗೆ ದೊಡ್ಡ ಕಾಯಿಲೆ ಎಂದರೆ ಮೊದಲು ನೆನಪಾಗುವುದು ರಸ್ತೆಯೇ. ಮಣಿಪಾಲ ಭಟ್ಕಳದಿಂದ ಸುಮಾರು 90 ಕಿಲೋಮೀಟರ್, ಹೊನ್ನಾವರದಿಂದ 130, ಕುಮಟಾದಿಂದ 150.

ಟೋಲ್‌ಗೇಟಿನ ಆ ಅಪಘಾತದ ಬಳಿಕ ಉತ್ತರ ಕನ್ನಡಕ್ಕೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಹಳೆಯ ಕೂಗು ಮತ್ತೆ ಎದ್ದಿತು. ಆಸ್ಪತ್ರೆ ಇಲ್ಲದಿದ್ದರೆ ಮತವೂ ಇಲ್ಲ ಎಂದು ಜಾಲತಾಣಗಳಲ್ಲಿ ಅಭಿಯಾನ ನಡೆಯಿತು. ಬೇಡಿಕೆ ನ್ಯಾಯವಾದದ್ದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹೃದಯದ ಒಂದು ಹಳೆಯ ಕಾಯಿಲೆಯ ವಿಚಾರದಲ್ಲಿ ಈ ಬೇಡಿಕೆ ಅರ್ಧ ದಾರಿಗೇ ನಿಂತುಬಿಡುತ್ತದೆ ಎಂದು ನನಗೆ ಅನ್ನಿಸುತ್ತದೆ. ರುಮ್ಯಾಟಿಕ್ ಜ್ವರ ಬಂದುಹೋದ ಮೇಲೆ ಮೈಟ್ರಲ್ ಕವಾಟ ಕಿರಿದಾಗುವ ಕಾಯಿಲೆ ಅದು. ದೊಡ್ಡ ಆಸ್ಪತ್ರೆ ಇದಕ್ಕೆ ಬೇಕು, ಆದರೆ ಬಹುಮಟ್ಟಿಗೆ ಒಂದು ಮಧ್ಯಾಹ್ನದ ಕೆಲಸಕ್ಕೆ. ಅದಕ್ಕೆ ಮುಂಚಿನ ಹತ್ತಿಪ್ಪತ್ತು ವರ್ಷ, ಆಮೇಲಿನ ಇಪ್ಪತ್ತು ಮೂವತ್ತು ವರ್ಷ ತಾಲ್ಲೂಕು ಆಸ್ಪತ್ರೆಯದು, ಪ್ರಾಥಮಿಕ ಆರೋಗ್ಯ ಕೇಂದ್ರದ್ದು, ಶಾಲೆಯದು, ಅಡುಗೆಮನೆಯದು.

ಶುರುವಾಗುವುದು ಗಂಟಲಲ್ಲಿ. ಎ ಗುಂಪಿನ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾ 5ರಿಂದ 15 ವರ್ಷದ ಮಕ್ಕಳ ಗಂಟಲಿಗೆ ತಗುಲುತ್ತದೆ. ನುಂಗಲಾರದಷ್ಟು ನೋವು, ಜ್ವರ, ಕತ್ತಿನಲ್ಲಿ ಮುಟ್ಟಿದರೆ ನೋಯುವ ಗಂಟು. ನೆಗಡಿ, ಕೆಮ್ಮು ಸಾಮಾನ್ಯವಾಗಿ ಇರುವುದಿಲ್ಲ. ಇದ್ದರೆ ಅದು ಹೆಚ್ಚಾಗಿ ವೈರಸ್ಸಿನದು. ಬಿಸಿನೀರು, ಉಪ್ಪು, ಕಾಳುಮೆಣಸಿನ ಕಷಾಯದಲ್ಲಿ ನಾಲ್ಕೈದು ದಿನದಲ್ಲಿ ಗಂಟಲು ತಿಳಿಯಾಗುತ್ತದೆ. ಮುಗಿಯಿತು ಎಂದುಕೊಳ್ಳುವಾಗ, ಎರಡು ಮೂರು ವಾರ ಬಿಟ್ಟು, ಕೆಲವು ಮಕ್ಕಳಿಗೆ ಮತ್ತೆ ಜ್ವರ. ಈ ಸಲ ಮೊಣಕಾಲು ಊದುತ್ತದೆ. ಅದು ಇಳಿಯುವಷ್ಟರಲ್ಲಿ ಹಿಮ್ಮಡಿಯ ಕೀಲು, ಆಮೇಲೆ ಮೊಣಕೈ. ಬ್ಯಾಕ್ಟೀರಿಯಾದ ಮೇಲೆ ಹೊಡೆದಾಡಲು ದೇಹ ತಯಾರಿಸಿಕೊಂಡ ಸೈನ್ಯ, ಅದರದೇ ಗುರುತು ಹೊತ್ತ ತನ್ನ ಅಂಗಾಂಶದ ಮೇಲೂ ತಿರುಗಿಬಿದ್ದದ್ದು ಇದಕ್ಕೆ ಕಾರಣ. ಕೀಲುಗಳು ಪೂರ್ತಿ ಗುಣವಾಗುತ್ತವೆ, ಕುಂಟುವಿಕೆಯೂ ಉಳಿಯುವುದಿಲ್ಲ. ಉಳಿಯುವುದು ಕವಾಟದ ಮೇಲಿನ ಗಾಯ.

ಚಿಕಿತ್ಸೆ ಪಡೆಯದ ಇಂಥ ಗಂಟಲು ನೋವು ನೂರರಲ್ಲಿ ಮೂವರಿಗಿಂತ ಹೆಚ್ಚು ಜನರಿಗೆ ರುಮ್ಯಾಟಿಕ್ ಜ್ವರ ತರುವುದಿಲ್ಲ. ಹಾಗಾಗಿ ಗಂಟಲು ಕೆರೆತವೆಂದ ಕೂಡಲೇ ಹೆದರಬೇಕಿಲ್ಲ. ಆದರೆ ಈ ಕಾಯಿಲೆಯಲ್ಲಿ ಪ್ರಕೃತಿ ಧಾರಾಳವಾಗಿ ಸಮಯ ಕೊಟ್ಟಿದೆ. ಎರಡನೇ ಮಹಾಯುದ್ಧದ ನಂತರ ಅಮೆರಿಕದ ವಾಯುಪಡೆಯ ಶಿಬಿರವೊಂದರಲ್ಲಿ ನಡೆದ ಅಧ್ಯಯನಗಳಿಂದ ಗೊತ್ತಾದದ್ದು ಇದು: ಗಂಟಲು ನೋವು ಶುರುವಾಗಿ 9 ದಿನದೊಳಗೆ ಪೆನಿಸಿಲಿನ್ ಕೊಟ್ಟರೂ ಜ್ವರವನ್ನು ತಡೆಯಬಹುದು. ಒಂಬತ್ತು ದಿನದಲ್ಲಿ ಯಾವ ಹಳ್ಳಿಯಿಂದಲೂ, ಗೇರುಸೊಪ್ಪೆಯ ಕಾಡಿನಿಂದಲೂ, ಆರೋಗ್ಯ ಕೇಂದ್ರಕ್ಕೆ ಬರಬಹುದು.

ಕೀಲು ಊದಿ ಬಂದ ಮಗುವಿಗೆ ಏನೆಂದು ಹೆಸರಿಡಬೇಕು ಎಂಬುದಕ್ಕೆ 1944ರಲ್ಲಿ ಡಕೆಟ್ ಜೋನ್ಸ್ ಎಂಬ ಅಮೆರಿಕನ್ ವೈದ್ಯರು ಮಾಡಿಟ್ಟ ಲಕ್ಷಣಪಟ್ಟಿ ಈಗಲೂ ಬಳಕೆಯಲ್ಲಿದೆ. 2015ರಲ್ಲಿ ಅದನ್ನು ತಿದ್ದಿದರು. ಕಾಯಿಲೆ ಹೆಚ್ಚಿರುವ ನಮ್ಮಂಥ ದೇಶಗಳಲ್ಲಿ ಒಂದೇ ಕೀಲು ಊದಿದ್ದರೂ ಲೆಕ್ಕಕ್ಕೆ ತೆಗೆದುಕೊಳ್ಳಿ, ಸ್ಟೆಥಾಸ್ಕೋಪಿಗೆ ಕೇಳದಿದ್ದರೂ, ಶಬ್ದಾತೀತ ಅಲೆಯಿಂದ ಹೃದಯ ನೋಡುವ ಎಕೋದಲ್ಲಿ ಕವಾಟ ಸೋರುವುದು ಕಂಡರೆ ಅದನ್ನೂ ಸೇರಿಸಿ ಎಂದಿತು ಹೊಸ ಪಟ್ಟಿ. ತಿದ್ದುಪಡಿ ಬಂದು ಹತ್ತು ವರ್ಷ ಕಳೆದರೂ ‘ಬೆಳೆಯುವ ಮಕ್ಕಳಿಗೆ ಕೈಕಾಲು ನೋವು ಇದ್ದದ್ದೇ’ ಎಂಬ ಮಾತೇ ಹೆಚ್ಚು ಚಾಲ್ತಿಯಲ್ಲಿದೆ. ಮುಂದೆ ಕವಾಟದ ಕಾಯಿಲೆ ಪತ್ತೆಯಾದವರಲ್ಲಿ ಅರ್ಧದಷ್ಟು ಜನರಿಗೆ ಚಿಕ್ಕಂದಿನಲ್ಲಿ ಇಂಥದ್ದೊಂದು ಜ್ವರ ಬಂದಿತ್ತು ಎಂಬ ನೆನಪೇ ಇರುವುದಿಲ್ಲ.

ಮೈಟ್ರಲ್ ಕವಾಟ ಇರುವುದು ಹೃದಯದ ಎಡಭಾಗದ ಮೇಲಿನ ಕೋಣೆಗೂ ಕೆಳಗಿನ ಕೋಣೆಗೂ ನಡುವೆ. ಎರಡು ಎಸಳು. ಆರೋಗ್ಯವಂತರಲ್ಲಿ ಅದು ತೆರೆದಾಗ ಸಿಗುವ ಜಾಗ 4ರಿಂದ 6 ಚದರ ಸೆಂಟಿಮೀಟರ್. ಉರಿಯೂತ ಮಾಸಿದ ಮೇಲೆ ಎಸಳುಗಳ ಅಂಚು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ದಪ್ಪಗಾಗುತ್ತವೆ, ಕೆಳಗಿನ ಹುರಿಗಳು ಕುಗ್ಗುತ್ತವೆ. ಮತ್ತೆ ಮತ್ತೆ ಗಂಟಲ ಸೋಂಕಾದಷ್ಟೂ ಗಾಯದ ಮೇಲೆ ಗಾಯ. ಜಾಗ 1.5 ಚದರ ಸೆಂಟಿಮೀಟರಿಗೆ ಇಳಿದರೆ ಅದು ತೀವ್ರ, 1ಕ್ಕಿಂತ ಕೆಳಗಿಳಿದರೆ ಅತಿ ತೀವ್ರ. ಬಾಯಿ ಮುಚ್ಚುತ್ತ ಬರುವ ಈ ಕವಾಟವನ್ನು ಅರಿಯಲು ಹೊನ್ನಾವರದವರಿಗೆ ಶರಾವತಿಯ ಅಳಿವೆ ಸಾಕು. ಹೂಳು ತುಂಬಿ ಅಳಿವೆಯ ಬಾಯಿ ಕಿರಿದಾದಾಗ ಮೇಲಿನ ನೀರು ಸರಾಗ ಇಳಿಯದೆ ಹಿಂದಕ್ಕೆ ಒತ್ತುತ್ತದೆ. ಇಲ್ಲಿ ಹಿಂದಕ್ಕೆ ಒತ್ತುವುದು ರಕ್ತ, ತುಂಬಿಕೊಳ್ಳುವುದು ಶ್ವಾಸಕೋಶ.

ಇಷ್ಟೇ ಆಗಿದ್ದರೆ ಕಾಯಿಲೆ ಸುಲಭವಾಗಿ ಕಣ್ಣಿಗೆ ಬೀಳುತ್ತಿತ್ತು. ಅದು ಅಡಗಿ ಕೂರುವುದು ಕಾಲದ ಲೆಕ್ಕಾಚಾರದಲ್ಲಿ. ಹೃದಯ ನಿಮಿಷಕ್ಕೆ 70 ಸಲ ಬಡಿಯುವಾಗ ಕವಾಟ ತೆರೆದಿರಲು ಪ್ರತಿ ಬಡಿತಕ್ಕೆ ಸುಮಾರು ಅರ್ಧ ಸೆಕೆಂಡು ಸಿಗುತ್ತದೆ. ಬಡಿತ 120ಕ್ಕೆ ಏರಿದರೆ ಆ ಅರ್ಧ ಸೆಕೆಂಡು ಅರ್ಧಕ್ಕೂ ಕಡಿಮೆಯಾಗುತ್ತದೆ. ಜೊತೆಗೆ, ಕಿರಿದಾದ ಜಾಗದಲ್ಲಿ ಹರಿವು ದುಪ್ಪಟ್ಟಾಗಬೇಕಾದರೆ ಒತ್ತಡ ನಾಲ್ಕು ಪಟ್ಟು ಆಗಬೇಕು. ಕೂತಾಗ ಏನೂ ಗೊತ್ತಾಗದ ಹೆಂಗಸಿಗೆ ಬಾವಿಯಿಂದ ಕೊಡ ಹೊತ್ತು ದರೆ ಹತ್ತುವಾಗ ದಮ್ಮು ಕಟ್ಟುವುದು ಅದಕ್ಕೇ. ಜ್ವರ, ರಕ್ತಹೀನತೆ, ಬಸುರು, ಹೃದಯದ ಲಯ ತಪ್ಪುವುದು, ಬಡಿತ ಏರಿಸುವ ಯಾವುದೇ ಆಗಲಿ, ವರ್ಷಗಟ್ಟಲೆ ಸುಮ್ಮನಿದ್ದ ಕಾಯಿಲೆಯನ್ನು ಒಂದೇ ರಾತ್ರಿಯಲ್ಲಿ ಹೊರಗೆಳೆಯುತ್ತದೆ.

ಹೊರಗೆ ಬಂದಾಗಲೂ ಅದು ಬೇರೆ ಹೆಸರಿನಲ್ಲೇ ಬರುತ್ತದೆ. ಮಲಗಿದರೆ ಉಸಿರು ಕಟ್ಟುತ್ತದೆ, ಎದ್ದು ಕೂತರೆ ಹಗುರ, ಎದೆಯಲ್ಲಿ ಸಿಳ್ಳೆ. ಇದಕ್ಕೆ ಅಸ್ತಮಾ ಎಂದು ಹೆಸರು ಬೀಳುತ್ತದೆ, ಡೆರಿಫೈಲಿನ್ ಚುಚ್ಚುಮದ್ದೂ ಬೀಳುತ್ತದೆ. ಅದು ಬಡಿತವನ್ನು ಇನ್ನಷ್ಟು ಏರಿಸಿ ಕಷ್ಟ ಹೆಚ್ಚಿಸಬಹುದು. ಕೆಮ್ಮಿದಾಗ ಕಫದಲ್ಲಿ ರಕ್ತ ಕಂಡರೆ ಎಲ್ಲರ ಮನಸ್ಸಿಗೂ ಬರುವುದು ಕ್ಷಯ. ಕಫ ಪರೀಕ್ಷೆಯಲ್ಲಿ ಏನೂ ಸಿಗದಿದ್ದರೂ ಮಾತ್ರೆ ಶುರುವಾಗುವುದುಂಟು. ಉಬ್ಬಿದ ಮೇಲಿನ ಕೋಣೆ ಧ್ವನಿಯ ನರವನ್ನು ಒತ್ತಿ ಗಂಟಲು ಕೂತದ್ದಕ್ಕೆ ಕಿವಿ-ಗಂಟಲು ತಜ್ಞರ ಬಾಗಿಲಲ್ಲಿ ಸಾಲು ನಿಂತವರೂ ಇರುತ್ತಾರೆ. ಹುಡುಗಿಯರ ಸುಸ್ತಿಗಂತೂ ನಮ್ಮಲ್ಲಿ ರಕ್ತ ಕಡಿಮೆ ಎಂಬ ಒಂದೇ ಉತ್ತರ. ಈ ಕಾಯಿಲೆ ಇರುವ ಮೂವರಲ್ಲಿ ಇಬ್ಬರು ಹೆಣ್ಣುಮಕ್ಕಳು ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು.

ಅತಿ ಹೆಚ್ಚು ಅಪಾಯದ ಕಾಲ ಬಸಿರು. ಗರ್ಭಿಣಿಯ ದೇಹದಲ್ಲಿ ರಕ್ತದ ಪ್ರಮಾಣ ನೂರಕ್ಕೆ 40ರಿಂದ 50ರಷ್ಟು ಹೆಚ್ಚುತ್ತದೆ, ಬಡಿತವೂ ಏರುತ್ತದೆ. ಆರು-ಏಳನೇ ತಿಂಗಳ ಹೊತ್ತಿಗೆ ಹೃದಯದ ಮೇಲಿನ ಹೊರೆ ಶಿಖರ ಮುಟ್ಟುತ್ತದೆ. ಸೀಮಂತಕ್ಕೆ ಬಂದ ನೆಂಟರೆದುರು ಮಗಳು ಏದುಸಿರು ಬಿಟ್ಟರೆ ‘ಹೊಟ್ಟೆ ದೊಡ್ಡದಾಗಿದೆ, ಹಾಗೇ’ ಎನ್ನುವುದು ನಮ್ಮ ರೂಢಿ. ಬಸುರಿಯರಿಗೆ ಸ್ವಲ್ಪ ದಮ್ಮು ಸಹಜವೂ ಹೌದು, ತಪ್ಪುವುದೇ ಅಲ್ಲಿ. ಆದರೆ ಚಪ್ಪಟೆ ಮಲಗಲಾರದೆ ರಾತ್ರಿ ಎದ್ದು ಕಿಟಕಿಯ ಬಳಿ ಕೂರುವುದು ಸಹಜವಲ್ಲ. ಎರಡನೆಯ ಗಂಡಾಂತರ ಹೆರಿಗೆಯಾದ ಮೊದಲ ಒಂದೆರಡು ದಿನ. ಗರ್ಭಕೋಶ ಕುಗ್ಗಿದಂತೆ ಅದರಲ್ಲಿದ್ದ ರಕ್ತ ಒಮ್ಮೆಲೇ ಹೃದಯಕ್ಕೆ ಹಿಂತಿರುಗುತ್ತದೆ. ಮಗು ಚೆನ್ನಾಗಿದೆ, ಎಲ್ಲ ಮುಗಿಯಿತು ಎಂದು ಮನೆಯವರು ಚಹಾ ಕುಡಿಯುವ ಹೊತ್ತಿಗೆ ಬಾಣಂತಿಯ ಶ್ವಾಸಕೋಶದಲ್ಲಿ ನೀರು ತುಂಬಿಕೊಂಡಿರುತ್ತದೆ. ಆಗ ಹೊರಡುವ ಆಂಬುಲೆನ್ಸಿಗೆ 130 ಕಿಲೋಮೀಟರ್ ನಿಜಕ್ಕೂ ದೂರ.

ಆದರೆ ಅದೇ ಹೆಂಗಸು ಅದಕ್ಕೂ ಮೊದಲು ನಾಲ್ಕಾರು ಸಲ ಆರೋಗ್ಯ ಕೇಂದ್ರಕ್ಕೆ ಬಂದಿರುತ್ತಾಳೆ. ಕೈಯಲ್ಲಿ ತಾಯಿ ಕಾರ್ಡ್ ಇದೆ. 2016ರಲ್ಲಿ ಶುರುವಾದ ಕೇಂದ್ರದ ಯೋಜನೆಯೊಂದರ ಪ್ರಕಾರ ಪ್ರತಿ ತಿಂಗಳ 9ನೇ ತಾರೀಕು ಗರ್ಭಿಣಿಯರನ್ನು ವೈದ್ಯರೇ ನೋಡಬೇಕು. ತೂಕ, ಬಿ.ಪಿ., ಹಿಮೋಗ್ಲೋಬಿನ್, ಮಗುವಿನ ಎದೆಬಡಿತ ಎಲ್ಲವೂ ಬರೆಯಲ್ಪಡುತ್ತದೆ. ತಾಯಿಯ ಎದೆಗೆ ಎರಡು ನಿಮಿಷ ಕಿವಿ ಕೊಟ್ಟರೆ ಅಲ್ಲೇ ಸಿಕ್ಕಿಬೀಳುವ ಕಾಯಿಲೆ ಇದು.

ಆ ಎರಡು ನಿಮಿಷವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಮೊದಲು ಫ್ಯಾನ್ ಆರಿಸಬೇಕು. ಮಳೆಗಾಲದಲ್ಲಿ ಮಾಡಿನ ಮೇಲಿನ ಸದ್ದಿಗೆ ಏನೂ ಮಾಡಲಾಗದು. ಆಕೆಯನ್ನು ಎಡಮಗ್ಗುಲಿಗೆ ತಿರುಗಿಸಿ ಮಲಗಿಸಬೇಕು, ಆಗ ಹೃದಯದ ತುದಿ ಎದೆಗೂಡಿನ ಗೋಡೆಗೆ ತಾಗುತ್ತದೆ. ಆ ತುದಿಯ ಮೇಲೆ ಸ್ಟೆಥಾಸ್ಕೋಪಿನ ಚಿಕ್ಕ ಗಂಟೆಯಂಥ ಭಾಗವನ್ನು ಒತ್ತದೆ, ಸುಮ್ಮನೆ ಮುಟ್ಟುವಷ್ಟೇ ಇಡಬೇಕು. ಒತ್ತಿದರೆ ಚರ್ಮ ಬಿಗಿದು ಮಂದ್ರದ ಸದ್ದು ಕೇಳಿಸದೆ ಹೋಗುತ್ತದೆ. ಮೊದಲ ಸದ್ದು ಎಂದಿಗಿಂತ ಗಟ್ಟಿ. ಎರಡನೆಯ ಸದ್ದಿನ ಬೆನ್ನಿಗೇ ಒಂದು ಚಿಟಿಕೆ, ಬಿಗಿದ ಕವಾಟ ತೆರೆಯುವ ಸದ್ದು. ಎರಡನೆಯ ಸದ್ದಿಗೂ ಚಿಟಿಕೆಗೂ ನಡುವಿನ ಅಂತರ ಕಡಿಮೆಯಾದಷ್ಟೂ ಕಾಯಿಲೆ ಬಲಿತಿದೆ ಎಂದರ್ಥ. ಅದರ ಹಿಂದೆ ಮಂದ್ರದ ಗುಡುಗುಡು, ಅನೇಕ ಸಲ ಕಿವಿಗಿಂತ ಬೆರಳಿಗೆ ಬೇಗ ಸಿಗುವಂಥದ್ದು. ಕೇಳದಿದ್ದರೆ ಆಕೆಯನ್ನು ನಾಲ್ಕು ಹೆಜ್ಜೆ ನಡೆಸಿ ಮತ್ತೆ ಮಲಗಿಸಿ ಕೇಳಬೇಕು. ಹಳೆಯ ಕಾಲದ ಪ್ರೊಫೆಸರರು ಇದೊಂದು ಸದ್ದಿಗಾಗಿ ವಿದ್ಯಾರ್ಥಿಗಳನ್ನು ಪರೀಕ್ಷೆಯಲ್ಲಿ ಫೇಲು ಮಾಡುತ್ತಿದ್ದರು. ಈಗ ‘ಎಕೋ ಮಾಡಿಸಿ’ ಎಂದು ಬರೆಯುವುದು ಸುಲಭ, ಮಾಡಿಸುವುದು ಸುಲಭವಲ್ಲ. ಕಿವಿಗೆ ಹೊಣೆ ತಪ್ಪಿದ್ದು ಎಕೋ ಯಂತ್ರ ದೂರವಿರುವ ಊರುಗಳಿಗೇ ಹೆಚ್ಚು ನಷ್ಟ ಮಾಡಿದೆ.

ಎಕೋ ಯಂತ್ರಕ್ಕೂ ಈ ಕಾಯಿಲೆಗೂ ಹುಟ್ಟಿನಿಂದಲೇ ನಂಟು. 1953ರಲ್ಲಿ ಸ್ವೀಡನ್ನಿನ ಲುಂಡ್‌ನಲ್ಲಿ ಇಂಗೆ ಎಡ್ಲರ್ ಎಂಬ ವೈದ್ಯರಿಗೆ ಮೈಟ್ರಲ್ ಕವಾಟ ಎಷ್ಟು ಕಿರಿದಾಗಿದೆ ಎಂದು ಎದೆ ಕೊಯ್ಯದೆ ತಿಳಿಯಬೇಕಿತ್ತು. ಹೆಲ್ಮುಟ್ ಹರ್ಟ್ಸ್ ಎಂಬ ಭೌತವಿಜ್ಞಾನಿ ಜೊತೆಯಾದರು. ಇಬ್ಬರೂ ಮಾಲ್ಮೋದ ಹಡಗುಕಟ್ಟೆಯಲ್ಲಿ ಕಬ್ಬಿಣದ ಬೆಸುಗೆಯ ಬಿರುಕು ಹುಡುಕಲು ಇಟ್ಟಿದ್ದ ಶಬ್ದಾತೀತ ಅಲೆಯ ಯಂತ್ರವನ್ನು ಎರವಲು ತಂದು ಹೃದಯದ ಮೇಲಿಟ್ಟರು. ಭಟ್ಕಳದ, ತದಡಿಯ ಬೋಟುಗಳಲ್ಲಿ ಮೀನಿನ ಹಿಂಡು ತೋರಿಸುವ ಫಿಶ್ ಫೈಂಡರ್ ಕೂಡ ಇದೇ ವಿದ್ಯೆ, ಬೇರೆ ಕಸುಬು. ಬೋಟಿನ ತಾಂಡೇಲರಿಗೆ ಎಕೋ ಅಂದರೆ ಏನೆಂದು ವಿವರಿಸಬೇಕಾದ ಪ್ರಮೇಯವೇ ಇಲ್ಲ.

ಇಂದಿನ ಎಕೋ ಕವಾಟದ ಜಾಗವನ್ನು ಅಳೆಯುತ್ತದೆ, ಎಸಳು ಎಷ್ಟು ಮಣಿಯುತ್ತವೆ, ಎಷ್ಟು ದಪ್ಪ, ಸುಣ್ಣ ಕಟ್ಟಿದೆಯೇ, ಕೆಳಗಿನ ಹುರಿಗಳು ಕುಗ್ಗಿವೆಯೇ ಎಂದೂ ನೋಡುತ್ತದೆ. ಈ ನಾಲ್ಕಕ್ಕೂ ನಾಲ್ಕು ನಾಲ್ಕು ಅಂಕ, ಒಟ್ಟು 16. 8ರೊಳಗಿದ್ದರೆ ಬಲೂನು ಉಬ್ಬಿಸಿ ಬಿಡಿಸಲು ಹೇಳಿಮಾಡಿಸಿದ ಕವಾಟ. ರೋಗಿಯ ಕೈಗೆ ಬರುವ ವರದಿಯಲ್ಲಿ ಈ ಅಂಕ, ಕವಾಟದ ಅಳತೆ ಎರಡೂ ಇರುತ್ತವೆ. ಕೇಳಿ ತಿಳಿದುಕೊಳ್ಳುವುದು ತಪ್ಪೇನಲ್ಲ, ಸಕ್ಕರೆ ಎಷ್ಟಿದೆ ಎಂದು ಕೇಳುವುದಿಲ್ಲವೇ.

ಇ.ಸಿ.ಜಿ.ಯ ಕೆಲಸ ಬೇರೆ. ಒತ್ತಡಕ್ಕೆ ಹಿಗ್ಗಿದ ಮೇಲಿನ ಕೋಣೆ ಒಂದು ದಿನ ಲಯ ಬಿಟ್ಟು ಕಂಪಿಸತೊಡಗುತ್ತದೆ. ನಾಡಿ ಹಿಡಿದರೆ ಯಾವ ತಾಳಕ್ಕೂ ಸಿಗದ ಬಡಿತ. ಅಲ್ಲಿ ನಿಂತ ರಕ್ತ ಹೆಪ್ಪುಗಟ್ಟಿ, ಚೂರೊಂದು ಹರಿದು ಮೆದುಳಿಗೆ ಹೋದರೆ ಪಾರ್ಶ್ವವಾಯು. ಮೂವತ್ತೈದರ ಹೆಣ್ಣುಮಗಳಿಗೆ ಲಕ್ವ ಹೊಡೆಯಿತು ಎಂದರೆ ದೇವರ ಕಾಟಕ್ಕಿಂತ ಮೊದಲು ಕವಾಟವನ್ನು ಶಂಕಿಸಬೇಕು. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ‘ಕಾರ್ಡಿಯಾಲಜಿ ಅಟ್ ಡೋರ್‌ಸ್ಟೆಪ್ಸ್’ ಎಂಬ ಪ್ರಯತ್ನದಡಿ ಕರಾವಳಿ, ಮಲೆನಾಡಿನ ಆರೋಗ್ಯ ಕೇಂದ್ರಗಳಿಗೆ ಇ.ಸಿ.ಜಿ. ಯಂತ್ರಗಳನ್ನು ಕೊಟ್ಟು, ಹಳ್ಳಿ ವೈದ್ಯರು ವಾಟ್ಸಾಪಿನಲ್ಲಿ ಕಳಿಸಿದ ಇ.ಸಿ.ಜಿ.ಯನ್ನು ತಜ್ಞರು ಆಗಿಂದಾಗಲೇ ಓದಿ ಉತ್ತರಿಸುವ ವ್ಯವಸ್ಥೆ ಕಟ್ಟಿದ್ದಾರೆ. ಅದರ ಮುಖ್ಯ ಗುರಿ ಹೃದಯಾಘಾತ. ಆದರೆ ತಪ್ಪಿದ ಲಯವನ್ನು ಹಿಡಿಯಲೂ ಅದೇ ಕಾಗದದ ಪಟ್ಟಿ ಸಾಕು.

ಇನ್ನು ಚಿಕಿತ್ಸೆ. ಎಲ್ಲಕ್ಕಿಂತ ಅಗ್ಗದ್ದು, ಎಲ್ಲಕ್ಕಿಂತ ಹೆಚ್ಚು ತಪ್ಪಿಹೋಗುವುದು ಪೆನಿಸಿಲಿನ್ ಚುಚ್ಚುಮದ್ದು. ಬೆಂಜಥೈನ್ ಪೆನಿಸಿಲಿನ್, 12 ಲಕ್ಷ ಯೂನಿಟ್, ಮೂರು ಅಥವಾ ನಾಲ್ಕು ವಾರಕ್ಕೊಮ್ಮೆ. ನಮ್ಮಲ್ಲಿ 21 ದಿನದ ಲೆಕ್ಕವೇ ರೂಢಿ. ಇದು ಆದ ಗಾಯ ಮಾಯಿಸಲು ಅಲ್ಲ, ಮತ್ತೊಮ್ಮೆ ಗಂಟಲ ಸೋಂಕಾಗಿ ಗಾಯ ಬೆಳೆಯದಂತೆ ತಡೆಯಲು. ಕವಾಟಕ್ಕೆ ಪೆಟ್ಟಾಗಿದ್ದರೆ 40 ವರ್ಷದವರೆಗೆ, ಕೆಲವರಿಗೆ ಜೀವಮಾನ ಪೂರ್ತಿ. ಬಿಳಿ ಪುಡಿಯ ಶೀಶೆಗೆ ನೀರು ಬೆರೆಸಿ ಕುಲುಕಿದ ಮೇಲೂ ಅದು ಸುಣ್ಣದ ತಿಳಿಯಂತೆ ದಪ್ಪಗೇ ಇರುತ್ತದೆ. ನಿಧಾನ ಮಾಡಿದರೆ ಸೂಜಿಯಲ್ಲೇ ಕಟ್ಟಿಕೊಳ್ಳುತ್ತದೆ, ದಪ್ಪ ಸೂಜಿಯೇ ಬೇಕು. ಪೃಷ್ಠದ ಸ್ನಾಯುವಿನಲ್ಲಿ ಒಂದೆರಡು ದಿನ ನೋವು ನಿಲ್ಲುತ್ತದೆ. ಶಾಲೆಯ ಬೆಂಚಿನ ಮೇಲೆ ಕೂರಲಾರದ ಹುಡುಗ ಮುಂದಿನ ಸಲ ಬರಲು ಒಲ್ಲೆ ಎನ್ನುವುದು ತೀರ ಸಹಜ. ಅಲರ್ಜಿಯಾದೀತು ಎಂಬ ಹೆದರಿಕೆ ವೈದ್ಯರದು. ಖಾಸಗಿಯವರು ಸರ್ಕಾರಿಯತ್ತ, ಸರ್ಕಾರಿಯವರು ದೊಡ್ಡ ಆಸ್ಪತ್ರೆಯತ್ತ ಬೆರಳು ತೋರಿಸುತ್ತಾರೆ. ಒಂದು ಚುಚ್ಚುಮದ್ದಿಗಾಗಿ ಮಣಿಪಾಲಕ್ಕೆ ಹೋಗಿ ಎಂದರೆ ಯಾರು ಹೋದಾರು? ಉಗಾಂಡದ 5ರಿಂದ 17 ವರ್ಷದ 818 ಮಕ್ಕಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನ ಈ ಔಷಧದ ಬೆಲೆ ಏನೆಂದು ತೋರಿಸಿತು: ಎಕೋದಲ್ಲಷ್ಟೇ ಕಾಣುವ ಆರಂಭದ ಕಾಯಿಲೆ ಎರಡು ವರ್ಷದಲ್ಲಿ ಉಲ್ಬಣಿಸಿದ್ದು ಚುಚ್ಚುಮದ್ದು ಪಡೆದವರಲ್ಲಿ ನೂರಕ್ಕೆ 0.8, ಪಡೆಯದವರಲ್ಲಿ 8.2. ಹೆದರಿಕೆಗೂ ಒಂದು ಆಧಾರ ಇದೆ ಎನ್ನಬೇಕು. ಕವಾಟ ತೀರ ಕಿರಿದಾದವರಿಗೆ ಚುಚ್ಚಿದ ನೋವಿಗೇ ಬಿ.ಪಿ. ಕುಸಿದು ಅಪಾಯವಾಗಬಹುದು, ಅದು ಅಲರ್ಜಿಯಲ್ಲ. ಅಂಥವರಿಗೆ ಮಾತ್ರೆಯ ರೂಪ ವಾಸಿ ಎಂದು 2022ರಲ್ಲಿ ಅಮೆರಿಕದ ಹೃದಯ ಸಂಘ ಸಲಹೆ ಕೊಟ್ಟಿತು. ಆ ಕೆಲವರನ್ನು ಮುಂದಿಟ್ಟು ಉಳಿದವರೆಲ್ಲರ ಚುಚ್ಚುಮದ್ದು ನಿಲ್ಲಿಸುವಂತಿಲ್ಲ.

ಮಿಕ್ಕ ಮಾತ್ರೆಗಳು ಎರಡು ಬಗೆ. ಬಡಿತ ತಗ್ಗಿಸಿ ಕವಾಟಕ್ಕೆ ಸಮಯ ಕೊಡುವವು, ಮೂತ್ರ ಹೆಚ್ಚಿಸಿ ಶ್ವಾಸಕೋಶ ಹಗುರ ಮಾಡುವವು. ಎರಡನೆಯದಕ್ಕೆ ನಮ್ಮ ಕರಾವಳಿಯ ಊಟವೇ ಎದುರಾಳಿ. ಮಳೆಗಾಲದ ಮೀನುಗಾರಿಕೆ ನಿಷೇಧದ 61 ದಿನ ಒಣಮೀನಿಲ್ಲದೆ ಗಂಜಿ ಇಳಿಯದು, ಮೀನು ತಿನ್ನದವರಿಗೆ ಅಪ್ಪೆಮಿಡಿ ಇದೆ. ಇಬ್ಬರ ಬಟ್ಟಲಲ್ಲೂ ಉಪ್ಪೇ ಉಪ್ಪು. ಮಾತ್ರೆ ತೆಗೆದದ್ದನ್ನು ಊಟ ತುಂಬುತ್ತದೆ.

ಲಯ ತಪ್ಪಿದವರಿಗೆ ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಅಥವಾ ಅಸೆನೊಕುಮರಾಲ್. ಐ.ಎನ್.ಆರ್. ಎಂಬ ರಕ್ತಪರೀಕ್ಷೆಯ ಅಂಕಿ 2ರಿಂದ 3ರ ನಡುವೆ ಇರಬೇಕು. ಕಡಿಮೆಯಾದರೆ ಹೆಪ್ಪು, ಹೆಚ್ಚಾದರೆ ರಕ್ತಸ್ರಾವ. ಪರೀಕ್ಷೆ ಬೇಡದ ಹೊಸ ಮಾತ್ರೆಗಳು ಬಂದಿವೆಯಲ್ಲ ಎಂದು ಗಲ್ಫಿನಿಂದ ಬಂದ ಭಟ್ಕಳದ ಅಣ್ಣಂದಿರು ತಂಗಿಯ ಪರವಾಗಿ ವೈದ್ಯರನ್ನು ಕೇಳಬಹುದು, ಕೇಳುವುದು ನ್ಯಾಯವೇ. 24 ದೇಶಗಳ ನಾಲ್ಕೂವರೆ ಸಾವಿರ ರೋಗಿಗಳನ್ನು ಸೇರಿಸಿಕೊಂಡ, ದೆಹಲಿಯ ಏಮ್ಸ್‌ನ ಗಣೇಶನ್ ಕಾರ್ತಿಕೇಯನ್ ಮುಂದಾಳುಗಳಲ್ಲೊಬ್ಬರಾಗಿದ್ದ ಇನ್ವಿಕ್ಟಸ್ ಅಧ್ಯಯನ 2022ರಲ್ಲಿ ಅದಕ್ಕೆ ಉತ್ತರ ಕೊಟ್ಟಿದೆ. ರುಮ್ಯಾಟಿಕ್ ಕವಾಟದವರಲ್ಲಿ ಹೊಸ ಮಾತ್ರೆ ರಿವರೊಕ್ಸಬಾನ್‌ಗಿಂತ ಹಳೆಯ ಗುಂಪಿನ ಮಾತ್ರೆ ಪಡೆದವರೇ ಹೆಚ್ಚು ಬದುಕಿದರು. ಹಾಗಾಗಿ ಹಳೆಯ ಮಾತ್ರೆ, ಅದರ ಪರೀಕ್ಷೆ ಎರಡೂ ಇನ್ನೂ ಬೇಕು. ಬಸಳೆ, ಹರಿವೆ ಬಿಡಬೇಕಿಲ್ಲ. ವಾರವೆಲ್ಲ ಬಿಟ್ಟು ಒಂದೇ ದಿನ ಬಟ್ಟಲು ತುಂಬಾ ತಿಂದರೆ ಅಂಕಿ ಏರುಪೇರಾಗುತ್ತದೆ, ಅಷ್ಟೇ. ನಿಜವಾದ ಅಪಾಯ ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆ ಸಿಗುವ ನೋವಿನ ಮಾತ್ರೆಯಲ್ಲಿದೆ, ಹೆಸರಿಲ್ಲದ ನಾಟಿ ಪುಡಿಯಲ್ಲಿದೆ. ವಾರ್ಫರಿನ್ ತಿನ್ನುವ ಹೆಂಗಸು ಮುಟ್ಟು ನಿಂತ ಕೂಡಲೇ ವೈದ್ಯರಿಗೆ ಹೇಳಬೇಕು, ಮೊದಲ ಮೂರು ತಿಂಗಳಲ್ಲಿ ಅದು ಭ್ರೂಣಕ್ಕೆ ಕೆಟ್ಟದ್ದು.

ಮಾತ್ರೆಗಳು ಕವಾಟವನ್ನು ತೆರೆಯುವುದಿಲ್ಲ. ತೆರೆಯಲು ಮನುಷ್ಯ ಪಟ್ಟ ಪಾಡು ದೊಡ್ಡದು. 1923ರಲ್ಲಿ ಬಾಸ್ಟನ್ನಿನಲ್ಲಿ ಎಲಿಯಟ್ ಕಟ್ಲರ್ 12 ವರ್ಷದ ಹುಡುಗಿಯ ಹೃದಯಕ್ಕೆ ಚಾಕು ಹಾಕಿದರು, ಅವಳು ಕೆಲವು ವರ್ಷ ಬದುಕಿದಳು. 1925ರಲ್ಲಿ ಲಂಡನ್ನಿನ ಹೆನ್ರಿ ಸೌಟರ್ ಚಾಕುವಿನ ಬದಲು ಬೆರಳು ಹಾಕಿ ಬಿಡಿಸಿದರು. ಫಲಿತಾಂಶ ಚೆನ್ನಾಗಿತ್ತು, ಆದರೆ ಅವರ ಬಳಿಗೆ ಇನ್ನೊಬ್ಬ ರೋಗಿಯನ್ನು ಯಾರೂ ಕಳಿಸಲಿಲ್ಲ. 1948ರ ನಂತರವೇ ಈ ಶಸ್ತ್ರಕ್ರಿಯೆ ನೆಲೆ ಕಂಡದ್ದು. ನಮ್ಮ ದಕ್ಷಿಣದಲ್ಲಿ ವೆಲ್ಲೂರಿನ ಸಿ.ಎಂ.ಸಿ. ಇದರ ಮನೆಯಾಯಿತು; ಅಲ್ಲಿನ ಸ್ಟ್ಯಾನ್ಲಿ ಜಾನ್ ಮತ್ತು ಸಂಗಡಿಗರು 1983ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಹೀಗೆ ಕವಾಟ ಬಿಡಿಸಿಕೊಂಡವರು 3,724 ಮಂದಿ. ಅದಕ್ಕೂ ಇಪ್ಪತ್ತು ವರ್ಷ ಮೊದಲು, 1963ರಲ್ಲಿ, ಏಮ್ಸ್‌ನ ಸುಜಯ್ ರಾಯ್ ಮತ್ತಿತರರು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದಿದ್ದರು: ಪಶ್ಚಿಮದಲ್ಲಿ ನಡುವಯಸ್ಸಿನವರ ಕಾಯಿಲೆಯಾದ ಇದು ಭಾರತದಲ್ಲಿ 20 ತುಂಬದವರಲ್ಲೇ ಬಲಿತು ನಿಂತಿರುತ್ತದೆ ಎಂದು.

ಈಗ ಬಲೂನು. ಜಪಾನಿನ ಕಾಂಜಿ ಇನೌಯೆ 1982ರಲ್ಲಿ ಮೊದಲು ಮಾಡಿದ್ದು. ತೊಡೆಸಂದಿಯ ರಕ್ತನಾಳದಿಂದ ಕೊಳವೆ ತೂರಿಸಿ, ಹೃದಯದ ಬಲ ಎಡ ಕೋಣೆಗಳ ನಡುವಿನ ತೆಳು ಗೋಡೆಯನ್ನು ಚುಚ್ಚಿ ಆಚೆ ಹೋಗಿ, ಕವಾಟದ ನಡುವೆ ಬಲೂನು ಉಬ್ಬಿಸಿ, ಅಂಟಿದ ಅಂಚುಗಳನ್ನು ಬಿಡಿಸುವುದು. ಬಲೂನಿನ ಅಳತೆಗೆ ಒಂದು ಸರಳ ಸೂತ್ರ ಇದೆ: ರೋಗಿಯ ಎತ್ತರವನ್ನು ಸೆಂಟಿಮೀಟರಿನಲ್ಲಿ ಹತ್ತರಿಂದ ಭಾಗಿಸಿ ಹತ್ತು ಕೂಡಿಸುವುದು. 160 ಸೆಂಟಿಮೀಟರಿನವರಿಗೆ 26 ಮಿಲಿಮೀಟರ್. ಉಬ್ಬಿ ಇಳಿಯುವುದು ಕೆಲವೇ ಸೆಕೆಂಡಿನ ಕೆಲಸ, ಮೇಜಿನ ಮೇಲೆಯೇ ರೋಗಿ ಉಸಿರು ಹಗುರಾಯಿತು ಎನ್ನುವುದುಂಟು. ಎದೆ ತೆರೆದು ಮಾಡುವುದಕ್ಕೆ ಇದು ಸಾಟಿಯೇ ಎಂಬ ಸಂಶಯವಿತ್ತು. ಹೈದರಾಬಾದಿನ 60 ರೋಗಿಗಳಲ್ಲಿ ಎರಡನ್ನೂ ಹೋಲಿಸಿ 1994ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮೂರು ವರ್ಷದ ನಂತರ ಬಲೂನೇ ಮೇಲಾಗಿತ್ತು.

ಕರ್ನಾಟಕದಲ್ಲಿ ಈ ಕೆಲಸಕ್ಕೆ ಹೆಸರಾದದ್ದು ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆ. ದೀರ್ಘಕಾಲ ಅದರ ನಿರ್ದೇಶಕರಾಗಿದ್ದು 2024ರಲ್ಲಿ ಸಂಸದರಾದ ಡಾ. ಸಿ.ಎನ್. ಮಂಜುನಾಥ್ ಇದರಲ್ಲಿ ಪಳಗಿದ ಕೈ. ಮೇಲಿನ ಕೋಣೆಯಲ್ಲಿ ಹೆಪ್ಪು ಇದ್ದರೆ ಬಲೂನು ಕೂಡದು ಎಂಬುದು ಎಲ್ಲೆಡೆಯ ನಿಯಮ. ಹೆಪ್ಪು ಎಲ್ಲಿ, ಎಂಥದ್ದು ಎಂದು ನೋಡಿ ಆಯ್ದ ರೋಗಿಗಳಲ್ಲಿ ಮಾಡಬಹುದು ಎಂದು ಅವರ ತಂಡ 2009ರಲ್ಲಿ ತೋರಿಸಿತು. ಕರಾವಳಿಯವರು ಅಷ್ಟು ದೂರ ಹೋಗಬೇಕಿಲ್ಲ, ಮಣಿಪಾಲ, ಮಂಗಳೂರಿನಲ್ಲೇ ಆಗುತ್ತದೆ. ಬಸುರಿಯಲ್ಲೂ, ಮಾತ್ರೆಗೆ ಬಗ್ಗದಿದ್ದರೆ, ಹೊಟ್ಟೆಗೆ ಸೀಸದ ಹೊದಿಕೆ ಹೊದಿಸಿ ನಾಲ್ಕನೇ ತಿಂಗಳ ನಂತರ ಮಾಡುತ್ತಾರೆ. ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕದಡಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಉಚಿತ, ಎ.ಪಿ.ಎಲ್.ನವರಿಗೆ ವೆಚ್ಚದ ಶೇ 30 ಸರ್ಕಾರದ್ದು. ಆದರೆ ತಾಲ್ಲೂಕು ಆಸ್ಪತ್ರೆಯ ರೆಫರಲ್ ಚೀಟಿ ಕೈಯಲ್ಲಿರಬೇಕು. ಚೀಟಿ ಮರೆತು ಹೋದವರ ಬಸ್ ಚಾರ್ಜು ಯಾವ ಯೋಜನೆಯಲ್ಲೂ ಬರುವುದಿಲ್ಲ.

ಕವಾಟ ಸುಣ್ಣಗಟ್ಟಿದ್ದರೆ, ಜೋರಾಗಿ ಸೋರುತ್ತಿದ್ದರೆ ಬದಲಿಸುವುದೇ ದಾರಿ. ಹಾಗೆ ಹಾಕುವ ಲೋಹದ ಕವಾಟಗಳಲ್ಲಿ ನಮ್ಮದೇ ಒಂದು ಇದೆ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಡಾ. ಎಂ.ಎಸ್. ವಲಿಯತ್ತಾನ್ ನೇತೃತ್ವದಲ್ಲಿ, ಮೂರು ಮಾದರಿ ಸೋತ ಮೇಲೆ ನಾಲ್ಕನೆಯದು ಗೆದ್ದು, 1990ರ ಡಿಸೆಂಬರ್‌ನಲ್ಲಿ ಮೊದಲ ರೋಗಿಗೆ ಅಳವಡಿಸಿದ ಚಿತ್ರಾ ಕವಾಟ. ಒಂದು ಲಕ್ಷಕ್ಕೂ ಹೆಚ್ಚು ಜನರ ಎದೆಯಲ್ಲಿ ಅದು ಬಡಿದಿದೆ. ವಲಿಯತ್ತಾನ್ 1993ರಲ್ಲಿ ಮಣಿಪಾಲದ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾಗಿ ಬಂದು ನಮ್ಮ ಕರಾವಳಿಯವರೇ ಆದರು. 2024ರ ಜುಲೈನಲ್ಲಿ ಮಣಿಪಾಲದಲ್ಲೇ ತೀರಿಕೊಂಡರು. ಲೋಹದ ಕವಾಟ ಹಾಕಿಸಿಕೊಂಡವರು ಹೆಪ್ಪುರೋಧಕ ಮಾತ್ರೆಯನ್ನು ಒಂದು ದಿನವೂ ಬಿಡುವಂತಿಲ್ಲ. ಅವರ ಐ.ಎನ್.ಆರ್. 2.5ರಿಂದ 3.5.

ಜಗತ್ತಿನಲ್ಲಿ ರುಮ್ಯಾಟಿಕ್ ಹೃದಯದವರು ನಾಲ್ಕು ಕೋಟಿಗೂ ಹೆಚ್ಚು. ಯುರೋಪು, ಅಮೆರಿಕದಲ್ಲಿ ಇದು ಹೆಚ್ಚುಕಡಿಮೆ ಮಾಯವಾಗಿದೆ. ಪೆನಿಸಿಲಿನ್ ಬರುವ ಮೊದಲೇ ಅಲ್ಲಿ ಇಳಿಮುಖವಾಗಿತ್ತು, ಒಂದೇ ಕೋಣೆಯಲ್ಲಿ ಎಂಟು ಮಂದಿ ಮಲಗುವುದು ನಿಂತಾಗ. ನಮ್ಮಲ್ಲೂ ಮನೆಗಳು ದೊಡ್ಡದಾದಂತೆ ಇಳಿಯುತ್ತಿದೆ. ಇಳಿಯುತ್ತಿರುವ ಕಾಯಿಲೆಯ ತೊಡಕೇ ಬೇರೆ: ಕಿರಿಯ ವೈದ್ಯರು ಅದನ್ನು ಕಂಡಿರುವುದು ಪುಸ್ತಕದಲ್ಲಿ.

2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಡುಕಬೇಕಾದ 30 ಸ್ಥಿತಿಗಳ ಪಟ್ಟಿ ಇದೆ, ರುಮ್ಯಾಟಿಕ್ ಹೃದಯ ಅದರಲ್ಲೊಂದು. ತಂಡದ ಜೀಪು ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಬರಬೇಕು. ಅಲ್ಲಿ ಸಂಶಯ ಬಂದ ಮಗುವಿಗೆ ತಿಂಗಳೊಳಗೆ ಎಕೋ, ತಾಲ್ಲೂಕು ಆಸ್ಪತ್ರೆಯಲ್ಲಿ ತಿಂಗಳಿಗೆ ಒಂದು ದಿನವಾದರೂ ಎಕೋ ಮಾಡಬಲ್ಲವರು, ಪೆನಿಸಿಲಿನ್ ಶೀಶೆ ಎಂದೂ ಖಾಲಿಯಾಗದ ಔಷಧಾಲಯ, ಚುಚ್ಚುಮದ್ದಿಗೆ ಬರದವರ ಮನೆಗೆ ಆಶಾ ಕಾರ್ಯಕರ್ತೆಯ ಫೋನು, ಐ.ಎನ್.ಆರ್. ಅಂದೇ ಕೊಡುವ ಪ್ರಯೋಗಾಲಯ, ಇವಿಷ್ಟೂ ಬೇಕು. ಭಟ್ಕಳ, ಹೊನ್ನಾವರ, ಕುಮಟಾ ಮೂರೂ ತಾಲ್ಲೂಕಿನವರು ಮುಂದಿನ ಸಲ ಆಸ್ಪತ್ರೆ ಬೇಕೆಂದು ಮನವಿ ಬರೆಯುವಾಗ ಈ ಐದು ಸಾಲನ್ನೂ ಸೇರಿಸಿಕೊಳ್ಳಲಿ. ಕಟ್ಟಡಕ್ಕೆ ಕಾಯದೆ ಮಾಡಬಹುದಾದ ಕೆಲಸಗಳಿವು.

ಬಲೂನು ಮಾಡಿಸಿಕೊಂಡು ಬಂದವರಿಗೂ ಕೆಲಸ ಬಾಕಿ ಇರುತ್ತದೆ. ಬಿಡಿಸಿದ ಅಂಚು ಹತ್ತಾರು ವರ್ಷದಲ್ಲಿ ಮತ್ತೆ ಅಂಟಿಕೊಳ್ಳಬಹುದು, ಅದಕ್ಕೆ ವರ್ಷಕ್ಕೊಮ್ಮೆ ಎಕೋ ಬೇಕು. ದಮ್ಮು ಹೋಯಿತೆಂದು ಚುಚ್ಚುಮದ್ದು ಬಿಡುವವರೇ ಹೆಚ್ಚು, ಬಿಡಕೂಡದು. ಮಣಿಪಾಲದಿಂದ ತಂದ ಡಿಸ್ಚಾರ್ಜ್ ಚೀಟಿಯ ಒಂದು ಪ್ರತಿಯನ್ನು ಊರಿನ ಆರೋಗ್ಯ ಕೇಂದ್ರಕ್ಕೆ ಕೊಟ್ಟು, ಮುಂದಿನ 21ನೇ ದಿನ ಯಾವ ತಾರೀಕು ಬೀಳುತ್ತದೆ ಎಂದು ಅಲ್ಲೇ ಬರೆಸಿಕೊಂಡು ಬರುವುದು ಒಳ್ಳೆಯದು.